ಗೋಸುಂಬೆಯ ಬಾಣಂತನ

ಅವಳು ನಮ್ಮ ಮನೆಗೆ ಬಂದಾಗ ನಾನು ಬಸುರಿ. ನನ್ನ ಗಂಡನ ಆಫೀಸಿನಲ್ಲಿದ್ದ ಫ್ರಾನ್ಸಿನವನೊಬ್ಬ, ಕೊರೋನಾದಿಂದ ವಿಮಾನಗಳು ಪೂರ್ತಿ ನಿಲ್ಲುವ ಮೊದಲು ಊರು ಸೇರಿಕೊಳ್ಳಬೇಕೆಂದು ಯೋಕೋಹಾಮಾದ ಮನೆ ಖಾಲಿ ಮಾಡುತ್ತಿದ್ದ. ಅವನು ಸಾಕಿದ್ದ ಗೋಸುಂಬೆಯನ್ನು ತೆಗೆದುಕೊಳ್ಳುವವರು ಯಾರೂ ಸಿಗಲಿಲ್ಲ. ನನ್ನವರಿಗೆ ಇಲ್ಲ ಎನ್ನಲು ಬರುವುದಿಲ್ಲ. ಒಂದು ಭಾನುವಾರ ಜಾಲರಿಯ ಪಂಜರ, ದೀಪಗಳು, ಒಂದು ಕುಂಡದ ಗಿಡ, ಎಲ್ಲವನ್ನೂ ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದರು. ಒಳಗೆ ಎಲೆಯ ಬಣ್ಣದ ಒಂದು ಹೆಣ್ಣು ಪ್ರಾಣಿ, ತಲೆಯ ಮೇಲೆ ಟೋಪಿಯಂತೆ ಎದ್ದ ಮೂಳೆ. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ನನ್ನವರನ್ನು.

ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆವು. ಅಮ್ಮ ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವವಳು.

"ಅಯ್ಯೋ, ಬಸ್ರಿ ಹೆಂಗಸಿರೋ ಮನೇಲಿ ಗೋಸುಂಬೆನಾ? ಮಗು ಗಳಿಗೆಗೊಂದು ಬುದ್ಧಿ ಕಲ್ತ್ಕೊಂಡ್ರೆ ಏನ್ ಮಾಡ್ತೀಯೇ?"

"ಅತ್ತೆ, ನಮ್ಮನೇಲಿ ಯಾರಿಗೂ ಒಂದ್ ಬುದ್ಧಿನೂ ಇಲ್ಲ. ಅದ್ರದ್ದಾದ್ರೂ ಬರ್ಲಿ ಬಿಡಿ" ಎಂದರು ನನ್ನವರು.

ಅಮ್ಮ ಬಾಣಂತನಕ್ಕೆ ಬರುವವಳಿದ್ದಳು. ಜೀವಮಾನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದಳು. ಮೆಣಸು, ಓಮ, ಹಿಪ್ಪಲಿ ಹುರಿದು ಬಾಣಂತಿ ಖಾರ ಮಾಡಿಟ್ಟಿದ್ದಳು. ಹುಟ್ಟುವ ಮಗುವನ್ನು ಸುತ್ತಲು ಹಳೆಯ ಹತ್ತಿ ಸೀರೆಗಳನ್ನು ಒಗೆದು ಮೊದಲೇ ನನಗೆ ಕಳಿಸಿದ್ದಳು; ಹೊಸ ಬಟ್ಟೆ ಎಳೆ ಮೈಗೆ ಚುಚ್ಚುತ್ತದೆ ಎಂದು. ಆಮೇಲೆ ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿತು. ಅಮ್ಮನಿಗೆ ಅದನ್ನು ಅರ್ಥ ಮಾಡಿಸುವುದೇ ಕಷ್ಟವಾಯಿತು.

"ಬಾಣಂತನಕ್ಕೆ ಹೋಗೋರನ್ನ ಯಾರಾದ್ರೂ ತಡೀತಾರೇನೇ? ಕಳ್ತನಕ್ಕೆ ಬರ್ತಿದೀನಾ ನಾನು?"

ಎಂಟನೆಯ ತಿಂಗಳಲ್ಲಿ ಮಗು ಹೊಟ್ಟೆಯೊಳಗೇ ಮಿಸುಕಾಡುವುದನ್ನು ನಿಲ್ಲಿಸಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಸೋಂಕಿನ ಕಾಲದ ನಿಯಮ, ನನ್ನವರನ್ನು ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಿಸಿದರು. ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಹೆತ್ತೆ. ನರ್ಸು ಮಗುವನ್ನು ಒರೆಸಿ, ಸಣ್ಣ ಟೋಪಿ ಹಾಕಿ ತಂದು, ತಲೆಗೂದಲು ಎಷ್ಟು ಚೆನ್ನಾಗಿದೆ ಎಂದು ಮೆಲ್ಲಗೆ ಹೇಳಿದಳು. ಅದು ನಿಜವಾಗಿತ್ತು.

ಮನೆಗೆ ಬಂದ ಮೇಲೆ ಹಾಲು ಬಂತು. ಅಮ್ಮ ದಿನವೂ ಫೋನ್ ಮಾಡುತ್ತಿದ್ದಳು.

"ಮಗು ಇಲ್ದಿದ್ರೂ ಮೈ ಬಾಣಂತೀದೇ ಕಣೇ. ಮೈಗೇನ್ ಗೊತ್ತು? ಕಿವಿಗೆ ಹತ್ತಿ ಇಟ್ಕೋ. ತಲೆಗೆ ಬಟ್ಟೆ ಕಟ್ಕೋ. ಗಾಳಿಗೆ ಹೋಗ್ಬೇಡ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು ಮಾಡ್ಕೋ."

ಹೂಂ ಎನ್ನುತ್ತಿದ್ದೆ. ಏನೂ ಮಾಡುತ್ತಿರಲಿಲ್ಲ. ಏಸಿ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನನ್ನವರು ಕಂಪ್ಯೂಟರಿನ ಮುಂದೆ ಕೂತು ಆಫೀಸಿನವರಿಗೆ "ಹಾಯ್, ಹಾಯ್" ಎಂದು, ಅಂದರೆ ಜಪಾನಿಯಲ್ಲಿ ಹೌದು ಹೌದು ಎಂದು, ತಲೆಬಾಗಿಸುತ್ತಿದ್ದರು. ಊಟದ ಹೊತ್ತಿಗೆ ಬೀದಿ ಕೊನೆಯ ಕೊಂಬಿನಿ ಅಂಗಡಿಗೆ ಹೋಗಿ ಅನ್ನದ ಉಂಡೆ ತಂದು ನನ್ನ ತಲೆಯ ಹತ್ತಿರ ಇಡುತ್ತಿದ್ದರು. ಗೋಸುಂಬೆಗೆ ನೀರು, ಹುಳು ಹಾಕುತ್ತಿದ್ದವರೂ ಅವರೇ. ನಾನು ಅದರ ಕಡೆ ನೋಡಿರಲೂ ಇಲ್ಲ.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವರು ಕರೆದರು. "ಇಲ್ಲಿ ಬಾರೇ. ಇದ್ಯಾಕೋ ನೆಲ ಕೆರೀತಾ ಇದೆ. ಊಟನೂ ಬಿಟ್ಟಿದೆ."

ಎದ್ದು ಹೋಗಿ ನೋಡಿದೆ. ಅವಳ ಬಣ್ಣ ಬದಲಾಗಿತ್ತು. ಕಡುಹಸಿರು ಮೈಯ ಮೇಲೆ ಹಳದಿ ಮತ್ತು ನೀಲಿ ಚುಕ್ಕೆಗಳು, ಯಾರೋ ಕೂತು ಇಟ್ಟ ಹಾಗೆ. ಕೊಂಬೆ ಬಿಟ್ಟು ಕೆಳಗಿಳಿದು, ಪಂಜರದ ಮೂಲೆಯಲ್ಲಿ ಪ್ಲಾಸ್ಟಿಕ್ ತಳವನ್ನು ಮುಂಗೈಗಳಿಂದ ಕೆರೆಯುತ್ತಿದ್ದಳು. ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಕೆರೆಯುವುದು. ಆ ಸದ್ದನ್ನು ಕೇಳಿಕೊಂಡು ಮತ್ತೆ ಹೋಗಿ ಮಲಗಲು ನನ್ನಿಂದಾಗಲಿಲ್ಲ.

ಇಂಥ ಪ್ರಾಣಿಗಳನ್ನು ನೋಡುವ ಸಣ್ಣ ಆಸ್ಪತ್ರೆಯೊಂದು ಕೆಲವು ಸ್ಟೇಷನ್‌ಗಳಾಚೆ ಇತ್ತು. ಒಂದು ಪ್ರಾಣಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಆ ದಿನ ನನ್ನವರಿಗೆ ಮೀಟಿಂಗು, ಹಾಗಾಗಿ ನಾನೇ ಹೋದೆ. ಹೆರಿಗೆಯ ನಂತರ ನಾನು ಒಬ್ಬಳೇ ಹೊರಗೆ ಹೋದದ್ದು ಅದೇ ಮೊದಲು. ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಎಕ್ಸ್‌ರೇ ತೋರಿಸಿ "ತಮಾಗೊ" ಎಂದರು. ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಾಗಿನ ಮಾತೇ ಅದು, ನನಗೂ ತಿಳಿಯಿತು. ಹೊಟ್ಟೆಯ ತುಂಬ ಮೊಟ್ಟೆ. ಉಳಿದದ್ದನ್ನು ಕಾಗದದ ಮೇಲೆ ಚಿತ್ರ ಬಿಡಿಸಿ ತಿಳಿಸಿದರು. ಗಂಡಿಲ್ಲದಿದ್ದರೂ ಈ ಜಾತಿಯ ಹೆಣ್ಣು ಮೊಟ್ಟೆ ಕಟ್ಟುತ್ತದೆ, ಅವು ಮರಿಯಾಗುವುದಿಲ್ಲ, ಆದರೂ ಇಡಲೇಬೇಕು, ಇಡದಿದ್ದರೆ ಸಾಯುತ್ತದೆ. ಒದ್ದೆ ಮರಳಿನ ಬಕೆಟ್ ಒಂದನ್ನು ಪಂಜರದೊಳಗಿಡಿ, ಬಟ್ಟೆ ಮುಚ್ಚಿ, ಇಣುಕಬೇಡಿ ಎಂದರು. ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ಅಗೆಯುವುದನ್ನು ಬಿಟ್ಟುಬಿಡುತ್ತದಂತೆ.

ಮೊಟ್ಟೆ ಇಟ್ಟ ಮೇಲೆ ಏನು ಮಾಡಬೇಕೆಂದೂ ಹೇಳಿದರು. ಸುಸ್ತಾಗಿರುತ್ತದೆ, ಚೆನ್ನಾಗಿ ತಿನ್ನಿಸಿ, ಹುಳುಗಳಿಗೆ ಸುಣ್ಣದಂಶದ ಪುಡಿ ಹಚ್ಚಿ ಕೊಡಿ ಎಂದರು. ಅದರ ನಂತರ ಇನ್ನೂ ಏನೋ ಉದ್ದವಾಗಿ ಹೇಳಿದರು. ಮೊದಲಿನದು ನನಗೆ ಚೆನ್ನಾಗಿ ಅರ್ಥವಾಯಿತು. ಅದು ನಮ್ಮ ಊರಿನ ಬಾಣಂತನದ ಮಾತೇ ಆಗಿತ್ತು. ಎರಡನೆಯದಕ್ಕೂ "ಹಾಯ್" ಎಂದು ತಲೆಯಾಡಿಸಿ ಬಂದೆ.

ಮುಚ್ಚಲು ಬೇರೆ ಬಟ್ಟೆ ಸಿಗಲಿಲ್ಲ. ಅಮ್ಮ ಕಳಿಸಿದ್ದ ಹತ್ತಿ ಸೀರೆಯನ್ನೇ ಪಂಜರಕ್ಕೆ ಹೊದಿಸಿದೆ.

"ಗಂಡಿಲ್ದೇನೇ ಬಸ್ರಾ?" ಅಮ್ಮ ಬೆರಗಾದಳು. "ಪುಣ್ಯಾತ್ಗಿತ್ತಿ. ಅತ್ತೆ ಕಾಟನೂ ಇಲ್ಲ."

ಮರುದಿನ ಸೀರೆ ಸರಿಸಿದಾಗ ಅವಳು ಮರಳನ್ನು ತಾನೇ ಮುಚ್ಚಿ, ತಟ್ಟಿ ಗಟ್ಟಿ ಮಾಡಿ, ಬಕೆಟಿನ ಅಂಚಿನಲ್ಲಿ ಕೂತಿದ್ದಳು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಕಣ್ಣುಗುಡ್ಡೆಗಳು ಒಳಗೆ ಇಳಿದಿದ್ದವು. ಮೈ ತುಂಬ ಮರಳು. ಅಮ್ಮನಿಗೆ ತೋರಿಸಿದೆ.

"ಪಾಪ. ಅದಕ್ಕೆ ಬಾಣಂತನ ಮಾಡೋರು ಯಾರಿದಾರೆ? ನೀನೇ ಮಾಡು."

ಮಾಡಿದೆ. ಅವಳು ನನ್ನ ಮಗುವಿನ ಬದಲು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಯಾರಾದರೂ ಹಾಗೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿತ್ತು, ಇದೊಂದು ಜೀವ ನನ್ನ ಕೈಯಲ್ಲಿ ಉಳಿಯಬೇಕು ಎಂದು. ಪಂಜರವನ್ನು ಕಿಟಕಿಯಿಂದ ದೂರ, ಗಾಳಿಯಾಡದ ಮೂಲೆಗೆ ಸರಿಸಿದೆ. ಇನ್ನೊಂದು ಬಿಸಿ ದೀಪ ತಂದು ಹಾಕಿದೆ. ನೀರನ್ನು ಉಗುರುಬೆಚ್ಚಗೆ ಮಾಡಿ ಎಲೆಗಳ ಮೇಲೆ ಚಿಮುಕಿಸುತ್ತಿದ್ದೆ. ಗೋಸುಂಬೆ ಬಟ್ಟಲಿನಿಂದ ಕುಡಿಯುವುದಿಲ್ಲ, ಎಲೆಯಿಂದ ಇಳಿಯುವ ಹನಿಯನ್ನೇ ಕುಡಿಯುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಡಬ್ಬಿಯಲ್ಲಿ ರೇಷ್ಮೆ ಹುಳು ಸಿಗುತ್ತಿತ್ತು. ಅದು ಮೆತ್ತಗೆ, ಪುಷ್ಟಿಯ ಆಹಾರ. ನಮ್ಮ ಮನೆಯಲ್ಲಿ ಅಮ್ಮ ನನಗೆ ನೆನಪಿರುವಾಗಿನಿಂದ ಹುಳು ಮೇಯಿಸಿದವಳು. ಚಿಮಟದಲ್ಲಿ ಒಂದನ್ನು ಹಿಡಿದು ತೋರಿಸಿದಾಗ ಕೂಗಿಕೊಂಡಳು.

"ಲೇ ಪಾಪಿ! ಲಕ್ಷ್ಮೀನ ತಗೊಂಡೋಗಿ ಹಲ್ಲಿ ಬಾಯಿಗೆ ಹಾಕ್ತೀಯಾ?" ಆಮೇಲೆ ತಾನೇ ಫೋನಿನ ಹತ್ತಿರ ಬಂದು ನೋಡಿದಳು. "ಇರ್ಲಿ ಹಾಕು. ಅದೂ ಬಾಣಂತಿನೇ. ಹಸಿವು ಅನ್ನೋ ಹಾಗೆ ಮಾತ್ರ ಬಿಡ್ಬೇಡ."

ಅವಳು ತಿಂದಳು. ಮೈಯಷ್ಟೇ ಉದ್ದದ ನಾಲಿಗೆಯನ್ನು ಬೀಸಿ ಟಪ್ಪೆಂದು ಸೆಳೆದುಕೊಳ್ಳುತ್ತಿದ್ದಳು. ತಿಂದು ತಿಂದು ದುಂಡಗಾದಳು. ಸ್ವಲ್ಪ ದಿನಕ್ಕೇ ನೀಲಿ, ಹಳದಿ ಚುಕ್ಕೆಗಳು ಮತ್ತೆ ಎದ್ದವು.

"ನೋಡು, ಎಂಥ ಕಳೆ ಬಂದಿದೆ" ಎಂದಳು ಅಮ್ಮ.

"ಈ ಉಪಚಾರ ನಂಗೂ ಸ್ವಲ್ಪ ಮಾಡ್ಸಿ ಅತ್ತೆ. ನಾನೂ ಚುಕ್ಕೆ ಬಿಡ್ತೀನಿ" ಎಂದರು ನನ್ನವರು. ನನಗೂ ನಗು ಬಂತು.

ಅದು ಆರೋಗ್ಯದ ಕಳೆಯಲ್ಲ, ಮತ್ತೆ ಮೊಟ್ಟೆ ಕಟ್ಟಿದ ಬಣ್ಣ ಎಂದು ಅವಳು ನೆಲ ಕೆರೆಯಲು ಶುರು ಮಾಡಿದಾಗ ಗೊತ್ತಾಯಿತು. ಈ ಸಲ ಮೊದಲಿಗಿಂತ ಹೆಚ್ಚು ಮೊಟ್ಟೆಗಳು. ಮತ್ತೆ ಸೊರಗಿದಳು, ಮತ್ತೆ ನಾನು ಬೆಚ್ಚಗೆ ಇಟ್ಟು ತಿನ್ನಿಸಿದೆ, ಇನ್ನೂ ಹೆಚ್ಚು ಕಾಳಜಿಯಿಂದ. ಚಳಿಗಾಲ ಕಳೆಯುವ ಹೊತ್ತಿಗೆ ಮೂರನೆಯ ಸಲ ಹೊಟ್ಟೆ ಊದಿತು. ಆಗ ನಾಲಿಗೆ ನಿಂತಿತು. ಹುಳುವನ್ನು ನೋಡುತ್ತಿದ್ದಳು, ಎರಡೂ ಕಣ್ಣನ್ನು ಅದರ ಮೇಲೆ ಕೂಡಿಸುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು. ನಾಲಿಗೆ ತುಟಿಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಮುಂಗೈಗಳು ಬಿಲ್ಲಿನಂತೆ ಬಾಗಿದ್ದವು. ಕೊಂಬೆಯಿಂದ ಬಿದ್ದಳು.

ಡಾಕ್ಟರು ಎಕ್ಸ್‌ರೇ ನೋಡಿದರು. ಮೂಳೆಗಳು ಹೊಗೆಯ ಹಾಗೆ ಮಸುಕಾಗಿದ್ದವು, ಮೊಟ್ಟೆಗಳು ಮಾತ್ರ ಸ್ಪಷ್ಟವಾಗಿದ್ದವು. ಏನು ತಿನ್ನಿಸುತ್ತೀರಿ, ಎಷ್ಟು, ಪಂಜರದಲ್ಲಿ ಎಷ್ಟು ಬಿಸಿ ಎಂದು ಕೇಳಿದರು. ಗೊತ್ತಿದ್ದ ಜಪಾನಿಯಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಒಕುಸಾನ್, ಯಸಾಶಿಸುಗಿಮಾಸು."

ಒಕುಸಾನ್ ಎಂದರೆ ಅಮ್ಮಾವ್ರೇ ಎಂದ ಹಾಗೆ; ಯಸಾಶೀ ಎಂದರೆ ಕರುಣೆಯುಳ್ಳ, ಮೃದು ಮನಸ್ಸಿನ ಎಂದರ್ಥ. ನನ್ನನ್ನು ಹೊಗಳುತ್ತಿದ್ದಾರೆ ಅಂದುಕೊಂಡು "ಅರಿಗಾತೋ" ಎಂದೆ. ಅವರ ಮುಖ ನೋಡಿ ಹಾಗಲ್ಲ ಎಂದು ತಿಳಿಯಿತು. ನನ್ನವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಡಾಕ್ಟರು ನಿಧಾನವಾಗಿ ಹೇಳಿದರು, ನನ್ನವರು ಕೇಳಿಸಿಕೊಂಡರು. ಕನ್ನಡದಲ್ಲಿ ಹೇಳಲು ತುಂಬ ಹೊತ್ತು ತೆಗೆದುಕೊಂಡರು.

"ಏನಂದ್ರು, ಹೇಳ್ರೀ."

"ಅತಿಯಾಯ್ತು ಅಂದ್ರು ಕಣೇ. ಪ್ರೀತಿ ಅತಿಯಾಯ್ತು ಅಂತ. ಬೆಚ್ಚಗಿಟ್ಟು ಹೊಟ್ಟೆ ತುಂಬ ಹಾಕಿದ್ರೆ ಅದರ ಮೈ, ಒಳ್ಳೆ ಕಾಲ ಬಂತು ಅನ್ಕೊಂಡು ಮತ್ತೆ ಮತ್ತೆ ಮೊಟ್ಟೆ ಕಟ್ಟುತ್ತಂತೆ. ಮೂಳೇಲಿರೋದೆಲ್ಲ ಅದಕ್ಕೇ ಹೋಗುತ್ತಂತೆ. ಸುಸ್ತು ಹೋದ್ಮೇಲೆ ತಂಪಾಗಿ, ಸ್ವಲ್ಪ ಹಸಿವಲ್ಲೇ ಇಡ್ಬೇಕು ಅಂತ ಮೊದಲ್ನೇ ಸಲಾನೇ ಹೇಳಿದ್ರಂತೆ."

ಆ ದಿನವೇ ಒಂದು ದೀಪ ತೆಗೆದೆ. ಪಂಜರವನ್ನು ಮತ್ತೆ ಕಿಟಕಿಯ ಬಳಿಗೆ ಒಯ್ದೆ. ಬೀಳದಿರಲಿ ಎಂದು ಕೊಂಬೆಗಳನ್ನು ಕೆಳಗೆ ಕಟ್ಟಿ ಬಟ್ಟೆ ಸುತ್ತಿದೆ. ಔಷಧಿಯನ್ನು ತುಟಿಯಂಚಿಗೆ ಹನಿಹನಿಯಾಗಿ ಬಿಡುತ್ತಿದ್ದೆ, ಅವಳು ನುಂಗುವವರೆಗೆ ಕಾಯುತ್ತಿದ್ದೆ. ಆದರೆ ಕಟ್ಟಿದ ಮೊಟ್ಟೆಗಳು ಕಟ್ಟಿಯಾಗಿದ್ದವು. ಮರಳಿನಲ್ಲಿ ಅಗೆಯಲು ಅವಳ ಕೈಗಳಲ್ಲಿ ಬಲವಿರಲಿಲ್ಲ. ಅರ್ಧ ಗುಂಡಿ ತೋಡಿ, ಅದರಲ್ಲಿ ತಲೆಯಿಟ್ಟು ಹಾಗೇ ಇರುತ್ತಿದ್ದಳು.

ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ ಎಂದರು ಡಾಕ್ಟರು. "ಮುಜುಕಾಶೀ" ಎಂದೂ ಸೇರಿಸಿದರು, ಕಷ್ಟ ಎಂದು. ಬಿಟ್ಟರೆ ಒಳಗೇ ಕೊಳೆತು ನರಳಿ ಸಾಯುತ್ತಾಳೆ. ಮಾಡಿ ಎಂದೆ. ಆ ದಿನ ಒಳಗೆ ಕಾಯಲು ಯಾರಿಗೂ ಅವಕಾಶವಿರಲಿಲ್ಲ. ಕಾರಿರುವವರು ಕಾರಿನಲ್ಲಿ ಕೂತಿದ್ದರು. ನಾವಿಬ್ಬರು ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ನಿಂತೆವು. ನನ್ನವರು ಬಾಗಿಲನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಅವತ್ತೂ ಹೀಗೇ ನಿಂತಿದ್ದೆ" ಎಂದರು. ಆಸ್ಪತ್ರೆಯ ಹೊರಗೆ ಹೇಗಿದ್ದಿರಿ ಎಂದು ನಾನು ಅಲ್ಲಿಯವರೆಗೆ ಅವರನ್ನು ಕೇಳಿಯೇ ಇರಲಿಲ್ಲ. ಅವರ ಕೋಟಿನ ತೋಳು ಹಿಡಿದುಕೊಂಡೆ.

ಅವಳು ಎಚ್ಚರಗೊಂಡಳು. ಹೊಲಿಗೆ ಹಾಕಿದ ಹೊಟ್ಟೆಯೊಂದಿಗೆ ಸಣ್ಣ ಡಬ್ಬಿಯಲ್ಲಿ ಮನೆಗೂ ಬಂದಳು. ಮಾರನೆಯ ಮಧ್ಯಾಹ್ನ, ನೀರಿನ ಹನಿ ತುಟಿಗೆ ಬಿಟ್ಟಾಗ ನುಂಗಲಿಲ್ಲ. ಅಂಗೈಯಲ್ಲಿ ಎತ್ತಿಕೊಂಡೆ. ನನ್ನ ಬೆರಳನ್ನು ಕೊಂಬೆಯೆಂಬಂತೆ ಹಿಡಿದಳು. ಕಪ್ಪಾಗಿದ್ದ ಮೈ ತಿಳಿಯಾಗುತ್ತ ಬಂತು, ನಿದ್ದೆ ಮಾಡುವಾಗ ಆಗುತ್ತಿದ್ದ ಹಾಗೆ, ಎಳೆ ಸೌತೆಯ ಬಣ್ಣಕ್ಕೆ. ಸುಧಾರಿಸುತ್ತಿದ್ದಾಳೆ ಎಂದುಕೊಂಡೆ. ಹಿಡಿತ ಸಡಿಲವಾದದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ.

ಇಲ್ಲಿ ಪಾರ್ಕಿನಲ್ಲಿ ಹೂಳುವ ಹಾಗಿಲ್ಲ. ಬಾಲ್ಕನಿಯ ದೊಡ್ಡ ಕುಂಡದಲ್ಲಿ ಆಳಕ್ಕೆ ಇಟ್ಟು ಮಣ್ಣು ಮುಚ್ಚಿದೆವು.

ಅಮ್ಮನಿಗೆ ಕಾರಣ ಹೇಳುವುದು ಬೇಡ, ಕಾಯಿಲೆಯಿಂದ ಹೋಯಿತು ಎಂದುಬಿಡು ಎಂದರು ನನ್ನವರು. ಕೆಲವು ದಿನ ಹಾಗೇ ಹೇಳಿದೆ. ಆದರೆ ಅಮ್ಮ ಬಿಡಲಿಲ್ಲ. "ಹೊಟ್ಟೆಗೆ ಸರಿಯಾಗಿ ಹಾಕಿದ್ದೆ ತಾನೇ? ಬೆಚ್ಚಗಿತ್ತು ತಾನೇ?" ಎಂದು ಕೇಳುತ್ತಲೇ ಇದ್ದಳು. ಒಂದು ದಿನ ಹೇಳಿಬಿಟ್ಟೆ. ತಂಪಾಗಿ ಇಡಬೇಕಿತ್ತಂತೆ, ಹಸಿವಿನಲ್ಲಿ ಇಡಬೇಕಿತ್ತಂತೆ ಎಂದೆ.

"ಹಸಿವಲ್ಲಾ? ಬಾಣಂತೀನಾ?"

"ಹೂಂ."

ತೆರೆಯ ಮೇಲೆ ಅವಳ ಮುಖ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಅಳಿಯಂದ್ರು ಇದಾರಾ ಅಲ್ಲಿ?"

"ಇಲ್ಲ. ಮೀಟಿಂಗಲ್ಲಿದಾರೆ."

"ನೀನು ಹುಟ್ದಾಗ ನಮ್ಮತ್ತೆ ನಂಗೆ ನೀರೇ ಕೊಡ್ತಿರ್ಲಿಲ್ಲ ಕಣೇ. ಬಾಣಂತಿ ನೀರು ಕುಡುದ್ರೆ ಮಗೂಗೆ ಶೀತ ಅಂತ. ಬಿರು ಬೇಸ್ಗೆ. ನಾಲ್ಗೆ ಅಂಗುಳಕ್ಕೆ ಅಂಟ್ಕೊಂಬಿಡೋದು. ತಲೆಗೆ ನೀರು ಹುಯ್ಯೋವಾಗ ಬಾಯಿ ಬಿಟ್ಕೊಂಡು ಕುಡೀತಿದ್ದೆ. ಸುಡೋ ನೀರು, ಸೀಗೆಕಾಯಿ ಬೆರ್ತಿರೋದು."

"ನಂಗೆ ಹೇಳೇ ಇರ್ಲಿಲ್ಲ ನೀನು."

"ಏನಂತ ಹೇಳೋದು? ಮಂಡಿ ನೋವಿಟ್ಕೊಂಡು ಒಲೆ ಮುಂದೆ ಕೂತು ನೀರು ಕಾಯ್ಸಿ ಹುಯ್ದೋಳು ಅವ್ಳೇ. ಪ್ರೀತಿಯಿಂದ್ಲೇ ಮಾಡಿದ್ಳು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೆ ಬೇರೆ ಬರಲ್ಲ ಕಣೇ. ನಂಗೆ ಗೊತ್ತಿರೋದೇ ಇಷ್ಟು."

ಇಬ್ಬರೂ ಫೋನ್ ಇಡಲಿಲ್ಲ. ಅವಳ ಕಡೆ ಯಾರೋ ಬಂದು ಬಾಗಿಲು ಬಡಿದು, "ಅಕ್ಕಾ" ಎಂದು ಕೂಗಿದರು. ಅಮ್ಮ ಏಳಲಿಲ್ಲ.