ಕಾಜಾಣ ತಪ್ಪಿದ ತಿರುವು

ದಢೇಸುಗೂರಿನ ಭಾರತಿಗೆ ಡ್ರೋನ್ ಹಾರಿಸುವುದನ್ನು ತರಬೇತಿಯವರು ಕಲಿಸಿದರು, ತಿರುಗಿಸುವುದನ್ನು ಕಾಜಾಣ ಕಲಿಸಿತು. ಇದು ಅವಳೇ ಹೇಳುವ ಮಾತು. ಭತ್ತದ ಗದ್ದೆಗೆ ಔಷಧಿ ಹೊಡೆಯುವಾಗ ಮೇಲೇಳುವ ಹುಳಗಳಿಗಾಗಿ ಆ ಕರಿಹಕ್ಕಿ ಡ್ರೋನಿನ ಬೆನ್ನು ಬಿಡುತ್ತಿರಲಿಲ್ಲ. ಕವಲು ಬಾಲ ಅಗಲಿಸಿ ವೇಗ ಮುರಿದು, ಒಂದು ರೆಕ್ಕೆ ಇಳಿಸಿ ಮೈ ವಾಲಿಸಿ, ಇನ್ನೇನು ಫ್ಯಾನಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಆಚೆ ಹೊರಳಿಬಿಡುತ್ತಿತ್ತು. ಭಾರತಿ ಅದನ್ನು ಮೊಬೈಲಿನಲ್ಲಿ ಹಿಡಿದು, ನಿಧಾನ ಮಾಡಿ ಮತ್ತೆ ಮತ್ತೆ ನೋಡುವಳು. ರೆಕ್ಕೆ ಕೂದಲೆಳೆಯಷ್ಟು ವಾಲಿದರೂ ಗುರುತಿಸುವಳು, ಎಂಥ ಕಣ್ಣು ಅಂತೀರಿ! ಊಟಕ್ಕೆ ಕೂತರೂ ಅದೇ ಕೆಲಸ.

"ಗಂಡು ನೋಡು ಅಂದ್ರ ಹಕ್ಕಿ ನೋಡಾಕತ್ತಾಳ" ಎಂದು ಅವ್ವ ಯಮನಮ್ಮ ಗೊಣಗುತ್ತಿದ್ದಳು.

ಗೊಣಗಿದರೂ ಮಗಳ ಜೊತೆಗಾತಿ ಅವಳೇ. ಔಷಧಿ ಬೆರೆಸಿ ಡ್ರೋನಿನ ಟ್ಯಾಂಕು ತುಂಬುವುದು ಅವಳ ಪಾಲಿನ ಕೆಲಸ. ತರಬೇತಿಯವರು ಕೊಟ್ಟ ಕೈಗವಸು ಚೀಲ ಬಿಟ್ಟು ಹೊರಗೆ ಬಂದದ್ದಿಲ್ಲ. ಈ ಹಂಗಾಮಿನಲ್ಲಿ ಮಾತ್ರ ಅವಳ ಕೈಯಿಂದ ಚಹಾ ಚೆಲ್ಲುವುದು, ತಂಬಿಗೆ ಉರುಳುವುದು ಹೆಚ್ಚಾಗಿತ್ತು. "ನೋಡಿ ಹಿಡಿ ಬೇ" ಎಂದು ಭಾರತಿ ರೇಗುತ್ತಿದ್ದಳು, ಮೊಬೈಲಿನಿಂದ ತಲೆ ಎತ್ತದೆ.

ಅಂದು ಊರಿನ ಬಳಗಾನೂರು ಕಡೆಯ ಗದ್ದೆಯಲ್ಲಿ ಕೆಲಸ. ಬೆಳಗಿನಿಂದ ಹುಳ ತಿಂದ ಕಾಜಾಣ ಎಂದಿನಂತೆ ಡ್ರೋನಿನ ಹಿಂದೆ ಬಂತು. ತಿರುವಿನಲ್ಲಿ ಬಾಲ ಅಗಲಿಸಲಿಲ್ಲ, ರೆಕ್ಕೆ ಇಳಿಸಲಿಲ್ಲ. ನೆಟ್ಟಗೆ ಹೋಗಿ ಬದುವಿಗೆ ಬಡಿದು ಬಿತ್ತು.

ಎಂದೂ ತಪ್ಪದ ತಿರುವು! ಭಾರತಿ ಡ್ರೋನ್ ಇಳಿಸಿ ಓಡಿದಳು. ಹಕ್ಕಿಯ ಮೈಯೆಲ್ಲ ಅದುರುತ್ತಿತ್ತು, ಕೊಕ್ಕಿನಿಂದ ಜೊಲ್ಲು ಸುರಿಯುತ್ತಿತ್ತು. ಗಾಯವಿರಲಿಲ್ಲ. ಇದು ವಿಷ ಏರಿದ ಲಕ್ಷಣವೆಂದು ತರಬೇತಿಯಲ್ಲಿ ಕೇಳಿದ್ದಳು.

"ಅವ್ವಾ, ಔಷಧಿ ಎಷ್ಟು ಹಾಕಿದಿ?"

"ನೀ ಹೇಳಿದಷ್ಟು, ಮ್ಯಾಲ ಮತ್ತ ಅಷ್ಟ." ಯಮನಮ್ಮನ ಮುಖದಲ್ಲಿ ಹೆಮ್ಮೆ. "ಹೊಲದವರ ಕಡೆ ಉಳದಿದ್ದು ಇಸಕೊಂಡು ಹಾಕ್ತೀನಿ. ಅಷ್ಟು ಚೂರು ನೀರಿಗೆ ಹುಳ ಸಾಯ್ತಾವೇನು? ಸಾಯದಿದ್ರ ನಿನ್ನ ಮತ್ತ ಯಾರು ಕರೀತಾರ? ಮೊದಲಿಂದಾನೂ ಹಂಗ ಮಾಡಾಕತ್ತೀನಿ. ಗಂಟು ಉಳಿಬಾರದಂತ ಕೈಲೇ ಕಲಸ್ತೀನಿ."

ಭಾರತಿ ಲೆಕ್ಕ ಹಾಕಿದಳು. ಹುಳಕ್ಕೆ ಎರಡು ಪಾಲು, ಹುಳ ತಿಂದ ಹಕ್ಕಿಗೆ ಎರಡು ಪಾಲು. ಬರಿಗೈಯಲ್ಲಿ ಕಲಸಿದವಳಿಗೆ?

"ಪಾಪ, ನೀರರೆ ಕುಡಸೋಣು" ಎಂದು ಅವ್ವ ಹಕ್ಕಿಯತ್ತ ಬಾಗಿದಳು. ಚಾಚಿದ ಕೈ ಹಕ್ಕಿಯಿಂದ ಒಂದು ಗೇಣು ಆಚೆಯ ಹುಲ್ಲನ್ನು ಹಿಡಿಯಿತು. ಹಿಂದಕ್ಕೆಳೆದು ಮತ್ತೆ ಚಾಚಿದಳು. ಮತ್ತೆ ಹುಲ್ಲೇ ಸಿಕ್ಕಿತು.

ಭಾರತಿಗೆ ಚೆಲ್ಲಿದ ಚಹಾ, ಉರುಳಿದ ತಂಬಿಗೆ ಎಲ್ಲ ಒಟ್ಟಿಗೆ ನೆನಪಾದವು. ಅವ್ವನ ಕೈ ಹಿಡಿದು ಕೊಡದ ನೀರಿನಲ್ಲಿ ಮೊಣಕೈವರೆಗೂ ಸಾಬೂನು ಹಚ್ಚಿ ತಿಕ್ಕಿದಳು. ಆಮೇಲೆ ರಸ್ತೆಯ ಕಡೆ ಎಳೆದಳು.

"ನಡಿ, ಸಿಂಧನೂರು ದವಾಖಾನಿಗೆ."

"ಹುಚ್ಚೀ, ಬಿದ್ದಿದ್ದು ಹಕ್ಕಿ. ನನ್ನ ಯಾಕ ಎಳೀತಿ?" ಎಂದು ಅವ್ವ ನಕ್ಕಳು.

ಭಾರತಿ ಆ ಕೈ ಬಿಡಲಿಲ್ಲ.