ಕಿರಿದಾದ ಸಂದಿ
ಗಾಜಿನಕ್ಕ ನಮ್ಮ ಪ್ರಯೋಗಾಲಯದಲ್ಲಿ ಎರಡು ಗಾಜುಗಳ ನಡುವಿನ ಕೂದಲೆಳೆಯಷ್ಟೂ ಇಲ್ಲದ ಸಂದಿಗೆ ದ್ರವ ಹರಳು, ಅಂದರೆ ಲಿಕ್ವಿಡ್ ಕ್ರಿಸ್ಟಲ್, ತುಂಬುವವಳು. ಇಪ್ಪತ್ತು ವರ್ಷದಲ್ಲಿ ಕೈ ಒಮ್ಮೆಯೂ ನಡುಗಿದ್ದಿಲ್ಲ.

ಟಿವಿ ಪರದೆಗೆಂದು ನಾನು ಮಾಡಿದ ದ್ರವ ಹರಳಿನ ಹೊಸ ಮಿಶ್ರಣ ದುಪ್ಪಟ್ಟು ವೇಗದಲ್ಲಿ ಬಣ್ಣ ಬದಲಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೊಬ್ಬಳು ಅಳತೆ ಪುಸ್ತಕ ಹಿಡಿದು ಬಂದಳು.

“ಸರ್, ಇವತ್ತಿನ ಗಾಜಿನ ಸಂದಿ ತೀರಾ ಕಿರಿದಾಗಿದೆ. ವೇಗ ಅದರದ್ದು, ಮಿಶ್ರಣದ್ದಲ್ಲ. ಬೇರೆ ಗಾಜಿಗೆ ತುಂಬಿಕೊಡ್ಲಾ?”

“ನಂಗೇ ಪಾಠ ಹೇಳ್ಬೇಡಿ,” ಎಂದು ಗದರಿ, ಅವಳು ಬರೆದ ಅಳತೆಯ ಕೆಳಗೆ ಸಹಿ ಗೀಚಿದೆ.

ವರ್ಷ ಕಳೆದು, ಕಾರ್ಖಾನೆಯ ಮಾಮೂಲಿ ಸಂದಿಯ ಪರದೆಗಳಲ್ಲಿ ಆ ವೇಗ ಬಾರದೆ ಮಿಶ್ರಣ ಕೈಕೊಟ್ಟಿತು. “ಅವತ್ತು ಪರೀಕ್ಷೆಯ ಗಾಜು ತುಂಬಿದ್ಯಾರು?” ನಿರ್ದೇಶಕರು ಸಭೆಯಲ್ಲೇ ಕೂಗಾಡಿದರು.

“ನಾನೇ ಸರ್,” ಎಂದಳು ಗಾಜಿನಕ್ಕ. ಪುಸ್ತಕ ಅವಳ ಕೈಯಲ್ಲೇ ಇತ್ತು. ತೆರೆಯದೆ ನನ್ನ ಮುಖ ನೋಡಿದಳು.

ನಾನು ತಲೆ ತಗ್ಗಿಸಿ ಮುಂದಿದ್ದ ಕಾಗದಗಳನ್ನು ತಿರುವತೊಡಗಿದೆ.