ಕಲ್ಲಿನಂತೆ ಗಾಳಿ ತುಂಬಿದ ಟೈರು

ಇವತ್ತು ಬೆಳಿಗ್ಗೆ ರಾಯಚೂರಿನ ನಮ್ಮ ಮನೆಗೆ ಒಂದು ಪಾರ್ಸೆಲ್ ಬಂತು. ಪೆಟ್ಟಿಗೆಯ ಅಂಟುಪಟ್ಟಿ ಕೀಳುತ್ತಿದ್ದಂತೆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆ ಹಿತವೆನಿಸಬಹುದು. ಹೊಸ ಚಪ್ಪಲಿಯನ್ನೋ ಹೊಸ ಸ್ಕೂಟರನ್ನೋ ನೆನಪಿಸಬಹುದು. ನಾನು ಮಾತ್ರ ಕತ್ತರಿ ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟೆ. ಕಣ್ಣ ಮುಂದೆ ಮತ್ತೆ ಅದೇ ಇಳಿಜಾರು, ಅದೇ ಪುಟಿಯುವ ಗಾಲಿ.

ಮೂರು ತಿಂಗಳ ಹಿಂದಿನ ಮಾತು. ಗೆಳೆಯ ಅಮರೇಶ ಮಾನ್ವಿಯವನು, ದೇವದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರು. ಗುಡ್ಡ ಹತ್ತುವ ಗೇರಿನ ಸೈಕಲ್ ಕೊಂಡ ಮೇಲೆ ಅವನಿಗೆ ಡಾಂಬರು ರಸ್ತೆ ಸಪ್ಪೆಯಾಗಿತ್ತು. ಭಾನುವಾರ ಬಂದರೆ ಕುರಿಗಳು ತುಳಿದ ದಾರಿ ಹುಡುಕಿಕೊಂಡು ಹೋಗುತ್ತಿದ್ದ. ನಾನೂ ಅಂಥದೇ ಒಂದು ಸೈಕಲ್ ಕೊಂಡಿದ್ದೆ. ಆದರೆ ಇಳಿಜಾರು ಬಂತೆಂದರೆ ಕೆಳಗಿಳಿದು ಅದನ್ನು ಎಮ್ಮೆಯಂತೆ ಹೊಡೆದುಕೊಂಡು ಹೋಗುವವನು ನಾನು.

ಅಮರೇಶನಿಗೆ ಒಂದೇ ಕಷ್ಟ, ಜಾಲಿ ಮುಳ್ಳು. ವಾರಕ್ಕೆರಡು ಪಂಕ್ಚರ್. ಅದಕ್ಕೇ ಟ್ಯೂಬ್‌ಲೆಸ್ ಟೈರೇ ಬೇಕೆಂದು ಹಟ ಹಿಡಿದ. ಫೋನಿನಲ್ಲಿ ಓದಿ ಓದಿ ನನ್ನ ತಲೆ ತಿಂದ. ಮುಂದಿನದು ಅಗಲವಾಗಿ, ದೊಡ್ಡ ಹಲ್ಲಿನದಾಗಿರಬೇಕಂತೆ, ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುವುದು ಅದೇ ಅಂತೆ. ಹಿಂದಿನದು ಸಣ್ಣ ಹಲ್ಲಿನದಾದರೂ ನಡೆಯುತ್ತದಂತೆ. ಟೈರಿನ ಪಕ್ಕೆ ದಪ್ಪಗಿರಬೇಕಂತೆ, ಇಲ್ಲದಿದ್ದರೆ ಚೂಪುಗಲ್ಲು ಸೀಳಿಬಿಡುತ್ತದಂತೆ. ಮನೆ ಕಟ್ಟಿಸುವಾಗಲೂ ಅವನು ಇಷ್ಟು ವಿಚಾರಿಸಿರಲಿಲ್ಲ.

ಟೈರು ಹಾಕಿಸಿದ್ದು ರಾಯಚೂರಿನ ಖಾಜಾ ಚಾಚಾರ ಸೈಕಲ್ ಅಂಗಡಿಯಲ್ಲಿ. ಮುಳ್ಳು ಚುಚ್ಚಿದರೆ ತೂತನ್ನು ತಾನೇ ಮುಚ್ಚುವ ಬಿಳಿ ದ್ರವವನ್ನು ಟೈರಿನೊಳಗೆ ಸುರಿಯುವಾಗ ಚಾಚಾಗೆ ನಗು ತಡೆಯಲಿಲ್ಲ.

"ಹಾಲು ಕುಡಿಯೋ ಟೈರ್ ಏನ್ರೀ ಸರ ಇದು! ದಿನಾ ಎಷ್ಟು ಪಾವು ಹಾಕ್ಬೇಕು?"

ಚಾಚಾರದು ಅಕ್ಕಿ ಮಿಲ್ಲಿನ ಹಮಾಲರ ಸೈಕಲ್‌ಗಳಿಗೆ ಗಾಳಿ ಹೊಡೆದು ಪಳಗಿದ ಕೈ. ಮೂಟೆ ಹೊರುವ ಸೈಕಲ್ಲಿನ ಟೈರು ಕಲ್ಲಾಗಿರಬೇಕು. ಪಂಪಿನ ಮೀಟರ್ ಕೆಟ್ಟು ಯಾವ ಕಾಲವಾಗಿತ್ತೋ. ಅವರಿಗೆ ಹೆಬ್ಬೆರಳೇ ಮೀಟರು. ನಮ್ಮ ಕಡೆಯವರೆಲ್ಲ ಹಾಗೇ ಬೆಳೆದವರು. ಹೆಬ್ಬೆರಳಿನಿಂದ ಒತ್ತು, ತಗ್ಗದಿದ್ದರೆ ಹೊರಡು.

ಅಮರೇಶ ಅನುಮಾನಿಸಿದ. "ಚಾಚಾ, ಸಾಕ್ರಿ. ಇದು ಸ್ವಲ್ಪ ಮೆತ್ತಗ ಇರಬೇಕಂತ ಬರದಾರ. ಒಳಗ ಟ್ಯೂಬ್ ಇಲ್ಲಲ್ಲ, ಕಮ್ಮಿ ಗಾಳಿ ಇದ್ರನ ಕಲ್ಲಿನ ಮ್ಯಾಲ ಹಿಡಿತ ಬರ್ತದಂತ."

ಆಗ ನಾನು ಬಾಯಿ ಹಾಕಿದೆ. ಟೈರು ಒತ್ತಿ ನೋಡಿ, "ಮೆತ್ತಗಿರಾಕ ಇದೇನು ಹೋಳಿಗಿ ಏನ್ಲೇ? ಚಾಚಾ, ಹೊಡೀರಿ ಇನ್ನೊಂದೀಟು" ಅಂದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಘರ್ಷಣೆಯ ಪಾಠವನ್ನು ವರ್ಷ ವರ್ಷ ಮಾಡುವವನು. "ಸೈನ್ಸ್ ಸರೇ ಹೇಳಿದ ಮ್ಯಾಲ ಮುಗೀತು ಬಿಡು" ಎಂದು ಅಮರೇಶ ನಕ್ಕು ಸುಮ್ಮನಾದ.

ಮರುದಿನ ದೇವದುರ್ಗದ ಹೊರಗಿನ ಗುಡ್ಡಕ್ಕೆ ಹೋದೆವು. ದಾರಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳೆಯ ಕಲ್ಲು ಕ್ವಾರಿಯ ಹೊಂಡ. ನಾನು ಮೇಲೆ ಸೈಕಲ್ ಹಿಡಿದುಕೊಂಡು ನಿಂತಿದ್ದೆ. ಅಮರೇಶ ಸೈಕಲ್ ಹೊಡೆಯುತ್ತಲೇ ಇಳಿಜಾರಿಗೆ ಇಳಿದ. ಕಲ್ಲನ್ನು ತಬ್ಬಿ ದಾಟಬೇಕಿದ್ದ ಮುಂದಿನ ಗಾಲಿ ಚೆಂಡಿನಂತೆ ಪುಟಿಯಿತು. ಇನ್ನೊಮ್ಮೆ ಪುಟಿಯಿತು. ಮೂರನೆಯ ಸಲ ಅದು ಜಲ್ಲಿಯ ಮೇಲೆ ಅಡ್ಡಡ್ಡ ಇಳಿಯಿತು. ಸೈಕಲ್ ಹೊಂಡದ ಕಡೆಗೆ ಜಾರಿತು. ನಾನು ಕೂಗಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಅಂಚಿನಿಂದ ಒಂದು ಕಲ್ಲು ಉರುಳಿದ್ದು ಗೊತ್ತು. ಅದು ನೀರಿಗೆ ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನನ್ನ ಪಾಲಿಗೆ ಅಮರೇಶ ಸತ್ತಿದ್ದ.

ಅಂಚಿನ ಜಾಲಿ ಪೊದೆ ಅವನನ್ನು ತಡೆದಿತ್ತು. ಕಾಲು ಮುರಿದಿತ್ತು, ಮೈಯೆಲ್ಲ ಮುಳ್ಳು. ಕುರಿ ಕಾಯುವವರಿಬ್ಬರು ಓಡಿ ಬಂದು ಎಳೆದುಕೊಂಡರು. ಸೈಕಲ್ ಎತ್ತುವಾಗ ನನ್ನ ಹೆಬ್ಬೆರಳು ತಾನಾಗಿಯೇ ಮುಂದಿನ ಟೈರನ್ನು ಒತ್ತಿತು. ಕೂದಲೆಳೆಯಷ್ಟೂ ತಗ್ಗಲಿಲ್ಲ. ಗಾಳಿ ಎಷ್ಟನ್ನು ಮೀರಬಾರದೆಂದು ಅಲ್ಲೇ ಪಕ್ಕೆಯ ಮೇಲೆ ಅಚ್ಚಾಗಿತ್ತು. ಅಂಗಡಿಯಲ್ಲಿ ನಮ್ಮ ಮೂವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಬಂಡೆಗಳ ಮೇಲೆ ಎಳೆದು ತರುವಾಗ ಆ ಟೈರು ಸೀಳಿಹೋಯಿತು. ಇವತ್ತು ಬಂದ ಪಾರ್ಸೆಲ್ಲು ಅದರ ಬದಲಿಗೆ ನಾನು ತರಿಸಿದ್ದು, ಅಷ್ಟೇ ಅಗಲದ್ದು, ಪಕ್ಕೆ ಇನ್ನೂ ದಪ್ಪ.

ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ಅಮರೇಶ ಒಂದೇ ಮಾತು ಹೇಳಿದ. "ನಾನ ಬ್ರೇಕ್ ತಪ್ಪು ಹಿಡದೆ." ನಾನು ಪಕ್ಕದಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಗೋಡೆ ಬಿಟ್ಟು ಎದ್ದು, ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಮಾನ್ವಿ ಬಸ್ಸು ಹತ್ತಿದೆ. ಬಾಗಿಲಲ್ಲೇ ಅಮರೇಶನ ಹೆಂಡತಿ ದನಿ ತಗ್ಗಿಸಿ ಹೇಳಿದರು. "ಅಣ್ಣಾರ, ಸೈಕಲ್ ಮಾತು ಎತ್ತಬ್ಯಾಡ್ರಿ. ಎಲುಬು ಕೂಡ್ಯಾದ, ಆದ್ರ ಅಂಗಳದಾಗ ಹ್ಯಾಂಡಲ್ ಹಿಡದು ಹಂಗ ಬಿಟ್ಟು ಒಳಗ ಬರ್ತಾರ. ತಮಗ ಸೈಕಲ್ ಹೊಡಿಯಾಕ ಬರಂಗಿಲ್ಲ ಅಂತ ತಿಳ್ಕೊಂಡಾರ."

ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಹೋದೀತೆಂದು.

"ಬ್ರೇಕ್ ಅಲ್ಲಲೇ. ಗಾಳಿ. ನೀ ಸಾಕಂದಿ. ನಾ ಹೊಡಸಿದೆ."

ಅಮರೇಶ ನನ್ನನ್ನೇ ನೋಡಿದ. "ಮೂರು ತಿಂಗಳಾತು. ಕಣ್ಣು ಮುಚ್ಚಿದ್ರ ಅದ ಬ್ರೇಕು. ಯಾವ ಬೆರಳು ಮೊದಲ ಒತ್ತಿದೆ ಅಂತ ನೆನಸಾಕತ್ತೀನಿ. ನೀ ಮಗನ ಮೂಸಂಬಿ ಸುಲಕೊಂತ ಕುಂತಿದ್ದಿ, ಬೇಕೂಫ್!"

ಪೆಟ್ಟಿಗೆಯನ್ನು ಅವನ ಮುಂದಿಟ್ಟೆ. ಅವನು ಪೆಟ್ಟಿಗೆ ಎಳೆದುಕೊಂಡು ಟೈರು ಹೊರತೆಗೆದ. ಪಕ್ಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು, ಸುತ್ತಲೂ ತಿರುಗಿಸುತ್ತ ಓದಿದ.

"ಹಂಗಂದ್ರ ನನಗ ಬರ್ತದ" ಅಂದ. ಅದು ನನಗೆ ಹೇಳಿದ ಮಾತಾಗಿರಲಿಲ್ಲ.

ಆಮೇಲೆ ಗೋಡೆ ಹಿಡಿದು ಎದ್ದ. "ನಡಿ ಅಂಗಳಕ್ಕ. ಗಾಳಿ ನಾನ ನೋಡ್ತೀನಿ. ನೀ ಮುಟ್ಟಬ್ಯಾಡ."

ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವನೇ ಮುಟ್ಟು ಅನ್ನುವವರೆಗೂ ಅಂಗಳದಲ್ಲಿ ನಿಂತಿದ್ದೆ.